ಗದ್ದ ತೋರಿಸಿದ ಕಡೆ ಅತ್ತೆಯ ಮನೆ

ಒಣಮೀನಿನ ವಾಸನೆ ಬಂದರೆ ಮೂಗು ಮುಚ್ಚುವವರೋ ನೀವು, ಇನ್ನೊಂದು ಸೌಟು ಅನ್ನ ಬಡಿಸಿಕೊಳ್ಳುವವರೋ? ಮುಚ್ಚುವವರಾದರೆ ಈಗಲೇ ಎದ್ದು ಹೋಗಿ, ನನಗೆ ಬೇಸರವಿಲ್ಲ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುವ ಮುದುಕಿಗೆ ಓದುವವರು ಕಡಿಮೆಯಿದ್ದಷ್ಟೂ ಧೈರ್ಯ. ಕಳೆದ ಶನಿವಾರ ಮೊಮ್ಮಗಳು ಧನ್ಯಳ ಜೊತೆ ಸಂಪಾಜೆ ಘಟ್ಟ ಇಳಿದು, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಕಾರಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಅದೇ ವಾಸನೆ. ಅವಳೂ ಅವಳ ಗೆಳೆಯರೂ ಬಂದದ್ದು, ಚಳಿ ಕಳೆದು ದೂರದೇಶಕ್ಕೆ ಹೊರಡುವ ಕಡಲಹಕ್ಕಿಗಳನ್ನು ನೋಡಲು. ನಾನು ಹೊರಟದ್ದು ಬೇರೆಯದಕ್ಕೆ. ನನ್ನ ಅತ್ತೆಯ ಮನೆ ಅಲ್ಲಿತ್ತು. ಅದಿದ್ದ ಜಾಗವನ್ನು ಈ ಹುಡುಗಿಗೆ ಒಮ್ಮೆ ತೋರಿಸಬೇಕಿತ್ತು. ನಾನು ಮರೆತರೆ ಹೇಳುವವರು ಮತ್ತೆ ಯಾರೂ ಇಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಮಾವ ಹೊಳೆಯಾಚೆಯ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್, ದಿನಾ ದೋಣಿಯಲ್ಲಿ ಹೋಗಿ ಬರುವವರು. ನಮ್ಮ ತೋಟದಲ್ಲಿ ಕಾಫಿ ಪಿಕ್ಕಿಂಗ್ ಮುಗಿದು, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುವ ದಿನಗಳಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮರಳಿನ ಅಂಗಳದಲ್ಲಿ ಅತ್ತೆ ಮೀನು ಹೆಚ್ಚಲು ಕೂತರೆ ಸುತ್ತ ಬಿಳಿ ಹಕ್ಕಿಗಳು ನೆಂಟರ ಹಾಗೆ ಬಂದು ನಿಲ್ಲುತ್ತಿದ್ದವು. ನಮ್ಮದು ಬೇಟೆಗಾರರ ಮನೆ. ಹಕ್ಕಿ ಕಂಡರೆ ಬೆರಳು ತೋರಿಸಬಾರದು, ತೋರಿಸಿದರೆ ಹಾರಿಹೋಗುತ್ತದೆ. ಸದ್ದಿಲ್ಲದೆ ಗದ್ದ ಎತ್ತಿ ತೋರಿಸಬೇಕು. ಕೋವಿಯಿಲ್ಲದ ಮನೆಗೆ ಮದುವೆಯಾಗಿ ಬಂದರೂ ಅತ್ತೆ ಆ ಪಾಠ ಬಿಡಲಿಲ್ಲ. ಹಕ್ಕಿಯನ್ನೂ ಗದ್ದದಲ್ಲೇ ತೋರಿಸುವಳು, ಉಪ್ಪಿನ ಭರಣಿಯನ್ನೂ, ಬೈಯಿಸಿಕೊಳ್ಳಬೇಕಾದ ನನ್ನನ್ನೂ. "ನಿನ್ನ ತಂಗಿ ಗದ್ದದಲ್ಲೇ ಸಂಸಾರ ಮಾಡ್ತಾಳೆ ಮಾರಾಯಾ, ಕೈಗೆ ಕೆಲಸವೇ ಇಲ್ಲ," ಎಂದು ಮಾವ ಅಪ್ಪನಿಗೆ ದೂರು ಹೇಳುತ್ತಿದ್ದರು. ಅತ್ತೆ ಗದ್ದ ಎತ್ತಿ ಅವರಿಗೆ ಬಾಗಿಲು ತೋರಿಸುತ್ತಿದ್ದಳು. ಹೊರಡುವ ದಿನ ಮಳೆಗಾಲಕ್ಕೆಂದು ಒಣಮೀನಿನ ಕಟ್ಟು ನನ್ನ ತೊಡೆಯ ಮೇಲೆ ಬರುತ್ತಿತ್ತು. ಘಟ್ಟ ಹತ್ತುವವರೆಗೂ ಬಸ್ಸಿನವರೆಲ್ಲ ನನ್ನನ್ನೇ ನೋಡುವರು.

ಅತ್ತೆ ಮಾವ ಇಬ್ಬರೂ ಹೋದ ಮೇಲೆ ಕಡಲು ಒಳಗೆ ಬಂತು. ಒಂದು ಮಳೆಗಾಲಕ್ಕೆ ತೆಂಗಿನ ಸಾಲು, ಇನ್ನೊಂದಕ್ಕೆ ಬಾವಿ, ಆಮೇಲೆ ಮನೆ.

ಭಾನುವಾರ ಬೆಳಿಗ್ಗೆ ನೀರು ಇಳಿದಿತ್ತು. ಹುಡುಗರು ದುರ್ಬೀನು ಸರಿಮಾಡಿಕೊಳ್ಳುವಷ್ಟರಲ್ಲಿ ಮರಳುದಿಣ್ಣೆಯ ಅಂಚಿನಲ್ಲಿದ್ದ ಹಿಂಡು ನನಗೆ ಕಂಡಿತು. ಗದ್ದ ಎತ್ತಿದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು, ಹಕ್ಕಿ ನನ್ನ ಮೂಗಿನ ಮೇಲೆ ಕೂತಿರುವ ಹಾಗೆ. "ಅಜ್ಜಿನ ನೋಡ್ಬೇಡಿ, ಅಜ್ಜಿ ಗದ್ದದ ನೇರಕ್ಕೆ ನೋಡಿ," ಎಂದು ಧನ್ಯ ತಿದ್ದಿದಳು.

ಅವರು ಹಕ್ಕಿ ನೋಡುತ್ತಿರಲಿ ಎಂದು ನಾನು ದಡದ ಉದ್ದಕ್ಕೆ ನಡೆದೆ. ಅತ್ತೆಯ ಬಾಗಿಲಲ್ಲಿ ನಿಂತರೆ ಹೊಳೆಯ ನಡುವಿನ ಕರಿಬಂಡೆ, ಅದರ ನೇರಕ್ಕೆ ಆಚೆ ದಡದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಕಾರ್ಖಾನೆ ಮುಚ್ಚಿದೆ, ಚಿಮಣಿ ಇದೆ. ಬಂಡೆಯೂ ಚಿಮಣಿಯೂ ಒಂದೇ ಗೆರೆಗೆ ಬಂದಾಗ ನಿಂತೆ. ತಿರುಗಿದರೆ, ಅದೇ ಗೆರೆಯಲ್ಲಿ ಮನೆಯಿದ್ದ ಕಡೆ ಬರೀ ಕಡಲು. ಹಿಂದೆಯೇ ಬಂದಿದ್ದ ಧನ್ಯಳಿಗೆ ಗದ್ದ ಎತ್ತಿ, "ಅತ್ತೆ ಮನೆ," ಎಂದೆ.

"ಎಲ್ಲಿ? ಆ ಹಕ್ಕಿ ತೇಲ್ತಾ ಉಂಟಲ್ಲ, ಅಲ್ಲಿಯಾ? ಅದಕ್ಕೂ ಆಚೆಯಾ? ಬೆರಳು ತೋರ್ಸಿ ಅಜ್ಜಿ."

"ಬೆರಳು ತೋರ್ಸಿದ್ರೆ ಹಾರಿಹೋಗ್ತದೆ ಮಾರಾಯ್ತಿ."

ಅವಳು ದುರ್ಬೀನು ಇಳಿಸಿ ನನ್ನ ಕೈ ಹಿಡಿದು ಎತ್ತಿದಳು. "ಮನೆ ಹೋಗಿ ಆಯ್ತಲ್ಲ ಅಜ್ಜಿ. ಇನ್ನು ತೋರ್ಸಿ."