ಹೆಬ್ಬೆರಳಿಗಿಂತ ಗಿಡ್ಡ ಪ್ರಯಾಣಿಕರು

ಬೆಳಗಿನ ಆರು ಗಂಟೆ. ಹಡಗು ದುರಸ್ತಿ ಅಂಗಳದ ದೀಪಗಳು ಇನ್ನೂ ಆರಿಲ್ಲ. ನೀರನ್ನೆಲ್ಲ ಹೊರಹಾಕಿದ ಕಟ್ಟೆಯೊಳಗೆ ಮೂರಂತಸ್ತಿನ ಮನೆಯಷ್ಟು ಎತ್ತರದ ಸರಕು ಹಡಗೊಂದು ಮರದ ದಿಮ್ಮಿಗಳ ಮೇಲೆ ಕುಳಿತಿದೆ. ಅದರ ಮೂತಿಯ ಪಕ್ಕ, ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಮಹಿಳೆಯೊಬ್ಬರು ಕುಂಚ ಹಿಡಿದಿದ್ದಾರೆ. ಸೊಂಟಕ್ಕೆ ಪಟ್ಟಿ, ತಲೆಗೆ ಹಳದಿ ಟೋಪಿ, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. ಕೆಳಗಿನಿಂದ ಯಾರೋ ಕೂಗುತ್ತಾರೆ. ಕೈಯಲ್ಲಿರುವ 'ಎಂಟು' ಮುಗಿಯುವವರೆಗೆ ಅವರು ಓಗೊಡುವುದಿಲ್ಲ.

ಅಂಗಳದಲ್ಲಿ ಎಲ್ಲರಿಗೂ ಅವರು 'ಅಕ್ಷರದಕ್ಕ'. ವಯಸ್ಸು ಐವತ್ತೆರಡು. ಹಡಗಿಗೆ ಹೆಸರು ಬರೆಯುವುದು, ಅದು ನೀರಲ್ಲಿ ಎಷ್ಟು ಮುಳುಗಿದೆ ಎಂದು ತೋರಿಸುವ ಅಂಕಿಗಳನ್ನು ಒಡಲಿನ ಮೇಲೆ ಸಾಲಾಗಿ ಬರೆಯುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ದಿನಕ್ಕೆ ನಲವತ್ತು ಅಂಕಿ, ಒಂದೊಂದೂ ಅಂಗೈ ಎತ್ತರ.

"ಹೆಸರು ಸೊಟ್ಟಗಾದ್ರೆ ಜನ ನಗ್ತಾರೆ, ಅಷ್ಟೇ. ಅಂಕಿ ನಾಲ್ಕು ಬೆರಳು ಮೇಲೆ ಹೋಯ್ತು ಅನ್ನಿ, ಇನ್ನೂ ಜಾಗ ಇದೆ ಅಂತ ಸರಕು ತುಂಬಿಸ್ಬಿಡ್ತಾರೆ. ಸಮುದ್ರದ ಮಧ್ಯ ಹೋದ್ಮೇಲೆ ಯಾರನ್ನ ಕೇಳೋದು?" ಎನ್ನುತ್ತಾ ಅವರು ಸೀಮೆಸುಣ್ಣದಿಂದ ಮುಂದಿನ ಗೆರೆ ಹಾಕುತ್ತಾರೆ.

ಎರಡು ಗಂಟೆಗೆ ಪಾಳಿ ಮುಗಿಯುತ್ತದೆ. ಅವರ ಮನೆ ಇರುವುದು ದುರಸ್ತಿ ಅಂಗಳದಿಂದ ಎರಡು ತಿರುವು ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದೇ ದೊಡ್ಡ ಕಿಟಕಿ, ಅದರ ಕೆಳಗೆ ಒಂದು ಮೇಜು, ಮೇಜಿನ ಮೇಲೆ ತೋಳುದ್ದದ ಪ್ರಯಾಣಿಕರ ಹಡಗು. ಎದುರಿನ ಕುರ್ಚಿಯಲ್ಲಿ ಅವರ ಗಂಡ ಎಡಗೈಯಲ್ಲಿ ಚಿಮಟ ಹಿಡಿದು ಕಾಯುತ್ತಿದ್ದಾರೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ.

ಗಂಡ ಅದೇ ಅಂಗಳದ ಬಡಗಿಯಾಗಿದ್ದವರು. ಕೆಲಸ ಮುಗಿಸಿ ಮನೆಗೆ ಬಂದರೆ ಮತ್ತೆ ಹಡಗೇ. ಪೆಟ್ಟಿಗೆಯ ಹಲಗೆ, ಕೊಡೆಯ ಕಡ್ಡಿ, ಹಳೇ ಸೈಕಲ್ಲಿನ ತಂತಿ, ಏನು ಸಿಕ್ಕರೂ ಅದು ಹಡಗಾಗುತ್ತಿತ್ತು. ಮೂವತ್ತು ವರ್ಷಗಳಲ್ಲಿ ಹನ್ನೊಂದು ಹಡಗು ಕಟ್ಟಿದ್ದಾರೆ. ಬೀರುವಿನ ಮೇಲೆ, ಮಂಚದ ಕೆಳಗೆ, ಅಡುಗೆಮನೆಯ ಗೂಡಿನಲ್ಲಿ, ಎಲ್ಲೆಲ್ಲೂ ಅವೇ.

"ಸವತಿ ಇದ್ದಿದ್ರೆ ಜಗಳನಾದ್ರೂ ಆಡಬಹುದಿತ್ತು. ಹಡಗಿನ ಜೊತೆ ಏನಂತ ಆಡೋದು? ಧೂಳು ಒರೆಸೋಕೂ ಬಿಡ್ತಿರ್ಲಿಲ್ಲ ಮಾರಾಯ್ರೇ," ಎಂದು ಅಕ್ಕ ಗಂಡನ ಕಡೆ ಕಣ್ಣು ಹಾಯಿಸುತ್ತಾರೆ. ಗಂಡ ಏನೂ ಕೇಳಿಸದವರ ಹಾಗೆ ಕಿಟಕಿಯತ್ತ ನೋಡುತ್ತಾರೆ.

ಆ ಹನ್ನೊಂದರಲ್ಲಿ ಒಂದರಲ್ಲೂ ಮನುಷ್ಯರಿಲ್ಲ. ಯಾಕೆ ಎಂದು ಅಕ್ಕ ಒಮ್ಮೆ ಕೇಳಿದ್ದರಂತೆ. "ಜನ ಬಂದ್ರೆ ಹಡಗು ಕಾಣಲ್ಲ" ಎಂದು ಉತ್ತರ ಬಂದಿತ್ತು.

ಮೂರು ವರ್ಷಗಳ ಹಿಂದೆ ಉಳಿ ಹಿಡಿದು ಕೆಲಸ ಮಾಡುತ್ತಿದ್ದಾಗಲೇ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಬಲಗಾಲು ಎಳೆದುಕೊಂಡಿತು, ಮಾತು ಪೂರ್ತಿ ನಿಂತಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಲೋಟ, ನಾಯಿ, ಬೀಗದ ಚಿತ್ರಗಳನ್ನು ತೋರಿಸಿದರೆ ಅವರು ಮುಖ ತಿರುಗಿಸುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಹನ್ನೆರಡನೆಯ ಹಡಗನ್ನು ತಂದು ಮುಂದಿಟ್ಟಳು. ಅವರು ಎಡಗೈಯಿಂದ ಅದನ್ನು ಗೋಡೆಯತ್ತ ತಿರುಗಿಸಿಟ್ಟರು. ಹೀಗೆ ನಾಲ್ಕು ತಿಂಗಳು ಕಳೆಯಿತು.

"ಒಂದು ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತಳ್ಬಿಟ್ರು. ಸುಳ್ಳು ಯಾಕೆ ಹೇಳ್ಲಿ, ನಂಗೆ ಮೈಯೆಲ್ಲ ಉರಿದುಹೋಯ್ತು. ನೀವು ಮಾಡಲ್ಲ ತಾನೇ, ನಾನೇ ಮಾಡ್ತೀನಿ ಅಂತ ಹಡಗು ಎಳ್ಕೊಂಡು ಅವರ ಮುಂದೇನೇ ಕೂತೆ. ಹೊಗೆಕೊಳವೆ ಬಿಡಿಯಾಗಿ ಬಿದ್ದಿತ್ತು. ಗೋಂದು ಹಚ್ಚಿ ಇಟ್ಟೆ."

ಹೊಗೆಕೊಳವೆ ಹಿಂದಕ್ಕೆ ವಾಲಿರಬೇಕು. ಅಕ್ಕ ಅದನ್ನು ಮುಂದಕ್ಕೆ ವಾಲಿಸಿ ಅಂಟಿಸಿದ್ದರು.

"ಅಲ್ಲ" ಎಂದರು ಗಂಡ.

"ಬೀದೀಲಿ ಯಾರೋ ಅಂದ್ರು ಅಂದ್ಕೊಂಡೆ. ತಿರುಗಿ ನೋಡಿದ್ರೆ ಇವರ ಬಾಯಿ ಇನ್ನೂ ತೆರೆದೇ ಇದೆ. ತಾವೇ ಬೆಚ್ಚಿಬಿದ್ದಿದ್ರು ಪಾಪ. ನಾನು ಕೊಳವೆ ಕಿತ್ತು ನೆಟ್ಟಗೆ ನಿಲ್ಲಿಸ್ದೆ. ಮತ್ತೆ 'ಅಲ್ಲ'. ಮದುವೆ ಆದಾಗಿಂದ ನಾನು ಏನು ಮಾಡಿದ್ರೂ ಇದೇ ಮಾತು ತಾನೇ ಅಂದೆ. ನಗೋಕೆ ಶುರು ಮಾಡಿದವರು ಇಬ್ರೂ ಅತ್ಬಿಟ್ವಿ."

ಮರುವಾರ ಆಸ್ಪತ್ರೆಯ ಮೇಡಂ ಚಿತ್ರಗಳನ್ನು ಪಕ್ಕಕ್ಕಿಟ್ಟು ಹಡಗಿನ ಬಿಡಿಭಾಗಗಳನ್ನೇ ತರಲು ಹೇಳಿದರು. ಈಗ ಗಂಡನ ಬಳಿ ಮೂವತ್ತರಷ್ಟು ಮಾತುಗಳಿವೆ. "ಉಪ್ಪು ಬೇಕು ಅನ್ನೋಕೆ ಬರಲ್ಲ. 'ಲಂಗರು' ಅಂತ ಮಾತ್ರ ಮಣಿ ಪೋಣಿಸಿದ ಹಾಗೆ ಹೇಳ್ತಾರೆ," ಎಂದು ಅಕ್ಕ ನಗುತ್ತಾರೆ.

ಆ ಹನ್ನೆರಡನೆಯ ಹಡಗಿಗೆ ಕೈಜೋಡಿಸಲು ಅಕ್ಕ ಒಂದು ಷರತ್ತು ಹಾಕಿದ್ದರು. ಈ ಸಲ ಹಡಗಿಗೆ ಜನ ಹತ್ತಲೇಬೇಕು. ಗಂಡ ಎರಡು ವಾರ ಮುಖ ಊದಿಸಿಕೊಂಡಿದ್ದು ಕೊನೆಗೆ ಸುಮ್ಮನಾದರು. ಸುಮ್ಮನಿದ್ದರೆ ಒಪ್ಪಿಗೆ ಎಂದು ಅಕ್ಕನೇ ತೀರ್ಮಾನಿಸಿದರು.

ಅಂದಿನಿಂದ ನಾಲ್ಕರಿಂದ ಆರರವರೆಗೆ, ಕಿಟಕಿಯ ಬೆಳಕು ಇರುವಷ್ಟು ಹೊತ್ತು, ಇಬ್ಬರೂ ಮೇಜಿನ ಮುಂದೆ. ತಂತಿಯ ಮೇಲೆ ಮೇಣದಂಥ ಅಂಟು ಮೆತ್ತಿ ಅಕ್ಕ ಮೈ ಕಟ್ಟುತ್ತಾರೆ, ಒಣಗಿದ ಮೇಲೆ ಗಂಡ ಎಡಗೈಯಲ್ಲಿ ಉಜ್ಜಿ ನಯಮಾಡುತ್ತಾರೆ, ಆಮೇಲೆ ಅಕ್ಕ ಬಣ್ಣ ಹಚ್ಚುತ್ತಾರೆ. ಒಬ್ಬೊಬ್ಬ ಪ್ರಯಾಣಿಕನೂ ಹೆಬ್ಬೆರಳಿಗಿಂತ ಗಿಡ್ಡ. ಒಬ್ಬನಿಗೆ ಎರಡು ವಾರ ಹಿಡಿಯುತ್ತದೆ. ಅರವತ್ತನಾಲ್ಕು ಜನ ಆಗಬೇಕು, ಐವತ್ತೆರಡು ಆಗಿದ್ದಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಾತ, ಕೊಡೆ ಹಿಡಿದು ಜಗಳಕ್ಕೆ ನಿಂತ ಹೆಂಗಸು, ಕಟಕಟೆಗೆ ಒರಗಿ ನಿದ್ದೆ ಹೊಡೆಯುವ ಟಿಕೆಟ್ ಕಲೆಕ್ಟರ್.

ಐದೇ ಐದು ಕೂದಲು ಉಳಿಸಿಕೊಂಡ ಕುಂಚದಿಂದ ಅಕ್ಕ ಒಬ್ಬಳಿಗೆ ಕಣ್ಣು ಬರೆಯುತ್ತಿದ್ದಾರೆ. ಮಗಳು ಅಂಗಡಿಯಿಂದ ತಂದುಕೊಟ್ಟ ಭೂತಗನ್ನಡಿ ಹಣೆಗೆ ಕಟ್ಟಿದೆ. "ದೊಡ್ಡ ಅಕ್ಷರಕ್ಕೆ ಭುಜದಲ್ಲಿ ಶಕ್ತಿ ಬೇಕು. ಇದಕ್ಕೆ ಉಸಿರು ನಿಲ್ಲಿಸ್ಬೇಕು," ಎನ್ನುತ್ತಾರೆ, ಕಣ್ಣು ಬರೆದಾದ ಮೇಲೆ.

ಕಳೆದ ವರ್ಷ ಹವ್ಯಾಸಿಗಳ ಪ್ರದರ್ಶನವೊಂದಕ್ಕೆ ಹಡಗನ್ನು ಒಯ್ದಿದ್ದರು. ಆಗ ಅದರಲ್ಲಿದ್ದವರು ಇಪ್ಪತ್ತು ಜನ. ತೀರ್ಪುಗಾರರೊಬ್ಬರು ಬಗ್ಗಿ ನೋಡಿ, ಹಡಗು ಬಲು ಅಚ್ಚುಕಟ್ಟು, ಗೊಂಬೆಗಳದ್ದು ಮಾತ್ರ ಒರಟು ಕೆಲಸ, ಅವನ್ನು ತೆಗೆದರೆ ಮೊದಲ ಬಹುಮಾನಕ್ಕೆ ಅಡ್ಡಿಯಿಲ್ಲ ಎಂದರು.

"ಅವರು ಹೇಳಿದ್ದು ಸುಳ್ಳೇನಲ್ಲ. ಮೊದಮೊದಲು ಮಾಡಿದವು ನಿಜವಾಗ್ಲೂ ಒರಟಾಗೇ ಇದ್ವು. ಇವರಿಗೆ ಆ ಬಹುಮಾನ ಮೂವತ್ತು ವರ್ಷದಲ್ಲಿ ಒಂದ್ಸಲನೂ ಬಂದಿರ್ಲಿಲ್ಲ. ನಾನೇ ಚಿಮಟ ತಗೊಂಡೆ, ಒಬ್ಬೊಬ್ಬರನ್ನೇ ಕೀಳೋಣ ಅಂತ," ಎಂದು ಅಕ್ಕ ನೆನಪಿಸಿಕೊಳ್ಳುತ್ತಾರೆ.

ಗಂಡ ಎಡಗೈ ಚಾಚಿ ಹಡಗಿನ ಅಟ್ಟದ ಮೇಲೆ, ಆ ಇಪ್ಪತ್ತು ಜನರಿಗೆ ಅಡ್ಡವಾಗಿ ಹಿಡಿದರು. "ಇರ್ಲಿ" ಎಂದರು. ಮೇಡಂ ಕಲಿಸಿದ ಪಟ್ಟಿಯಲ್ಲಿ ಆ ಮಾತು ಇರಲಿಲ್ಲ.

ಬಹುಮಾನ ಬೇರೆಯವರ ಪಾಲಾಯಿತು. ಗಂಡ ಹೆಂಡತಿ ಹಡಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಮರುದಿನ ನಾಲ್ಕು ಗಂಟೆಗೆ ಇಪ್ಪತ್ತೊಂದನೆಯ ಪ್ರಯಾಣಿಕನ ಕೆಲಸ ಶುರುವಾಯಿತು.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಅಕ್ಕ ಕುಂಚ ತೊಳೆದು ಬಟ್ಟೆಯಲ್ಲಿ ಒರೆಸಿಡುತ್ತಾರೆ. "ನಗಬೇಡಿ. ಇಷ್ಟು ವರ್ಷ ಹಡಗಿಗೆ ಹೆಸರು ಬರೆದಿದ್ದೀನಿ, ಒಂದರಲ್ಲೂ ಕೂತು ಹೋಗಿಲ್ಲ. ಇವರೂ ಅಷ್ಟೇ. ಆಚೆ ದಡಕ್ಕೆ ಹೋಗೋ ಹಡಗಲ್ಲಿ ಇಬ್ರೂ ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂತು ಹೋಗ್ಬೇಕು. ಅದಕ್ಕೆ ಹತ್ತೋಕೆ ಹದಿನೇಳು ಮೆಟ್ಟಿಲಿದೆ, ಎಣಿಸಿ ಬಂದಿದ್ದೀನಿ. ನಮ್ಮನೆ ಮೆಟ್ಟಿಲಲ್ಲೇ ದಿನಾ ಅಭ್ಯಾಸ ಮಾಡಿಸ್ತೀನಿ."

ಎಷ್ಟರವರೆಗೆ ಬಂದಿದೆ?

"ಮೊನ್ನೆ ಒಂಬತ್ತು ಹತ್ತಿದ್ರು," ಎನ್ನುತ್ತಾರೆ ಅಕ್ಕ. "ನಾನು ಹಿಂದೇನೇ ಇದ್ದೆ. ಆದ್ರೆ ಹಿಡ್ಕೊಂಡಿರ್ಲಿಲ್ಲ."