ಹೆಡ್‌ಫೋನಿನ ಎಡಗಡೆ

ಮಗಳ ಆನ್‌ಲೈನ್ ಪಾಠಕ್ಕೆಂದು ತರಿಸಿದ ಹೆಡ್‌ಫೋನಿನ ಪೆಟ್ಟಿಗೆಯನ್ನು ಮೊನ್ನೆ ಬಿಡಿಸಿದಾಗ ಹೊಸ ರೆಕ್ಸಿನ್ನಿನ, ಸ್ಪಂಜಿನ ವಾಸನೆ ಬಂತು. ಕಿವಿಯ ಮೇಲೆ ಕೂರುವ ಆ ಮೆತ್ತನೆಯ ಭಾಗವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. "ಎಂತ ಅಮ್ಮ, ಮೂಸುದು?" ಎಂದು ಮಗಳು ಕೇಳಿದಳು. ಎಂತ ಇಲ್ಲ ಎಂದೆ. ಪುತ್ತೂರಿನ ಒಂದು ಅಂಗಡಿಯಲ್ಲಿ, ಇದೇ ವಾಸನೆಯ ನಡುವೆ, ತಲೆ ಸ್ವಲ್ಪ ಓರೆ ಮಾಡಿ ನಿಂತಿದ್ದ ಅಕ್ಕ ಕಣ್ಣೆದುರು ಬಂದಿದ್ದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಮದುವೆಗೆ ಮುಂಚೆ ನಾನು ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಮಾಡುತ್ತಿದ್ದಾಗ ಅವರು ಚೂಡಿದಾರದ ವಿಭಾಗದಲ್ಲಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಊರು ಜಾಲ್ಸೂರು. ಕುಂಬ್ರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ನಾವಿಬ್ಬರೂ ಇದ್ದೆವು. ಬೆಳಿಗ್ಗೆ ಒಟ್ಟಿಗೇ ಬಸ್ಸು, ಸಂಜೆ ಒಟ್ಟಿಗೇ ಬಸ್ಸು. ಅವರು ಯಾವಾಗಲೂ ಎಡಬದಿಯ ಸೀಟಿನಲ್ಲಿ ಕಿಟಕಿ ಹಿಡಿಯುತ್ತಿದ್ದರು. ಗಾಳಿಗೆ ಆಸೆ ಎಂದುಕೊಂಡಿದ್ದೆ.

ಅಕ್ಕನಿಗೆ ಒಂದು ಹುಚ್ಚಿತ್ತು. ಊರಿಗೆ ಹೋಗಿಬರುವಾಗ ಕಾಸರಗೋಡು ಕಡೆಯ ಬಸ್ಸುಗಳಲ್ಲಿ ಮಲಯಾಳದ ರ‍್ಯಾಪ್ ಹಾಡುಗಳನ್ನು ಹಾಕುತ್ತಿದ್ದರಂತೆ. ಹಾಡುವವನ ಮಾತಿಗಿಂತ ಅದರ ಹಿಂದೆ ಸುತ್ತಿ ಸುತ್ತಿ ಬರುವ ತಾಳವೇ ಅವರನ್ನು ಹಿಡಿದುಬಿಟ್ಟಿತ್ತು. ಅದನ್ನು ಬೀಟ್ ಎನ್ನುತ್ತಾರೆಂದು, ಮನೆಯಲ್ಲೇ ಕೂತು ಅದನ್ನು ಮಾಡಬಹುದೆಂದು ನನಗೆ ಹೇಳಿಕೊಟ್ಟವರೇ ಅವರು.

"ಹಾಡುದು ಯಾರಾದ್ರೂ ಹಾಡ್ಲಿ ಮಾರಾಯ್ತಿ. ನನಗೆ ಹಿಂದಿನದ್ದು ಸಾಕು" ಎನ್ನುತ್ತಿದ್ದರು.

ಅಕ್ಕನ ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದು ಅವರ ಬಳಿ ಇತ್ತು. ಬೀಟ್ ಮಾಡುವ ಸಾಫ್ಟ್‌ವೇರನ್ನು ಪುಕ್ಕಟೆ ಸಿಗುವುದರಲ್ಲೇ ಆರಿಸಿ ಹಾಕಿಕೊಂಡಿದ್ದರು. ಇನ್ನೇನು ಬೇಕು ಎಂಬುದೇ ನಮ್ಮ ಬಸ್ಸಿನ ಮಾತು. ಮೈಕ್ ಈಗ ಬೇಡ, ಹಾಡುವವರಿಲ್ಲವಲ್ಲ. ದೊಡ್ಡ ಸ್ಪೀಕರ್ ಬೇಡ, ಕೋಣೆಯ ಗೋಡೆಗಳೇ ಅದರ ಸದ್ದನ್ನು ಕೆಡಿಸುತ್ತವೆ, ಮೇಲಿಂದ ಮನೆ ಯಜಮಾನರ ಬೈಗುಳ ಬೇರೆ. ಮೊದಲು ಒಂದು ಒಳ್ಳೆಯ ಹೆಡ್‌ಫೋನ್, ಆಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಸಣ್ಣ ಕೀಬೋರ್ಡ್. ಅಷ್ಟರಲ್ಲಿ ಶುರು ಮಾಡಬಹುದು ಎಂದು ತೀರ್ಮಾನವಾಯಿತು.

ನಮ್ಮ ಅಂಗಡಿಗೆ ರಜೆ ಇದ್ದ ಒಂದು ದಿನ ಇಬ್ಬರೂ ಹೆಡ್‌ಫೋನ್, ಕೀಬೋರ್ಡ್ ಮಾರುವ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ವಯಸ್ಸಾದವರು, ಸಮಾಧಾನದವರು. ಮೊದಲಿಗೆ ಮಿರಿಮಿರಿ ಮಿಂಚುವ ಒಂದನ್ನು ತೆಗೆದಿಟ್ಟು, "ಇದರಲ್ಲಿ ಬಾಸ್ ಭಾರೀ ಉಂಟು, ದಿಮ್ ದಿಮ್ ಅಂತ ಹೊಡೀತದೆ" ಎಂದರು.

"ಅದು ಬೇಡ. ಬಾಸ್ ಇದೇ ಸೇರಿಸಿ ಕೊಟ್ರೆ ನಾನು ಹಾಕಿದ್ದು ಎಷ್ಟೂಂತ ಗೊತ್ತಾಗುದು ಹೇಗೆ? ಇದ್ದದ್ದು ಇದ್ದ ಹಾಗೆ ಕೇಳ್ಬೇಕು" ಎಂದರು ಅಕ್ಕ. ಅಂಗಡಿಯವರು ನಕ್ಕು ಒಳಗಿನಿಂದ ಬೇರೊಂದು ತಂದರು, ಕಪ್ಪಗೆ, ಯಾವ ಅಲಂಕಾರವೂ ಇಲ್ಲದ್ದು.

ಅಕ್ಕ ಅದನ್ನು ಹಾಕಿಕೊಂಡು ತಮಗೆ ಬಾಯಿಪಾಠವಾಗಿದ್ದ ಒಂದು ಬೀಟನ್ನು ಫೋನಿನಲ್ಲಿ ಹಚ್ಚಿದರು. ಒಂದಿಷ್ಟು ಕೇಳಿ ಮುಖ ಗಂಟಿಕ್ಕಿದರು. "ಇದರ ಎಡಗಡೆ ಬರುದಿಲ್ಲ."

ಅಂಗಡಿಯವರು ಇನ್ನೊಂದು ಕೊಟ್ಟರು. ಅದರಲ್ಲೂ ಎಡಗಡೆ ಇಲ್ಲ. ಮೂರನೆಯದರಲ್ಲೂ ಇಲ್ಲ. "ನಿಮ್ಮ ಫೋನಿನದ್ದೇ ತೊಂದರೆ ಇರ್ಬೇಕು" ಎಂದು ಅವರು ಹೆಡ್‌ಫೋನನ್ನು ತೆಗೆದು ತಮ್ಮ ಕಿವಿಗೆ ಹಾಕಿಕೊಂಡರು. ಕೇಳುತ್ತಾ ಕೇಳುತ್ತಾ ಅವರ ಮುಖ ನಿಧಾನವಾಗಿ ಬೇರೆಯಾಯಿತು. ಅದನ್ನು ಹಿಂದುಮುಂದು ತಿರುಗಿಸಿ ಅಕ್ಕನ ತಲೆಗೆ ಅವರೇ ಇಟ್ಟರು.

"ಈಗ?"

"ಈಗ ಎಡದ್ದು ಬಲಕಿವಿಯಲ್ಲಿ ಬರ್ತಾ ಉಂಟು. ಬಲದ್ದು..." ಎಂದ ಅಕ್ಕ ಅಲ್ಲಿಗೇ ನಿಲ್ಲಿಸಿದರು.

ಬಸ್ಸಿನ ಕಿಟಕಿ, ಫೋನನ್ನು ಯಾವಾಗಲೂ ಬಲಕ್ಕೇ ಹಿಡಿಯುವುದು, ಎಡಗಡೆಯಿಂದ ಕರೆದರೆ ತಿರುಗಿ ನೋಡದಿರುವುದು, ಎಲ್ಲ ಆಗ ಒಟ್ಟಿಗೇ ನನಗೆ ತಿಳಿಯಿತು. ಎಡಕಿವಿ ಸ್ವಲ್ಪ ಸ್ವಲ್ಪವಾಗಿ ಹೋದದ್ದರಿಂದ ಅವರಿಗೇ ಗೊತ್ತಾಗಿರಲಿಲ್ಲ. ಕೊನೆಗೆ ಅಕ್ಕನೇ ಹೆಡ್‌ಫೋನ್ ತೆಗೆದಿಟ್ಟು, "ಒಂದು ಬದಿ ಸಾಕಾದ್ರೆ ಅರ್ಧ ಕ್ರಯಕ್ಕೆ ಕೊಡ್ತೀರಾ?" ಎಂದರು. ಯಾರಿಗೂ ನಗು ಬರಲಿಲ್ಲ.

ಪುತ್ತೂರಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ, ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಇದೆ ಎಂದರು. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯುತ್ತಿದೆ, ತೆಗೆಯಲೇಬೇಕು. ಹೋದ ಕಿವಿ ಬರುವುದಿಲ್ಲ. ಅಕ್ಕ ಕೆಲಸ ಬಿಟ್ಟರು. ಊರಿಗೆ ಹೋಗುವ ಮೊದಲು ಅದೇ ಅಂಗಡಿಗೆ ಹೋಗಿ ಆ ಕಪ್ಪು ಹೆಡ್‌ಫೋನನ್ನೂ ಒಂದು ಸಣ್ಣ ಕೀಬೋರ್ಡನ್ನೂ ತೆಗೆದುಕೊಂಡರು. ಕರೆದೊಯ್ಯಲು ಬಂದಿದ್ದ ಅಣ್ಣ, "ಈಗ ಇದೆಲ್ಲ ಬೇಕಾ?" ಎಂದು ಗದರಿದರು.

"ಮತ್ತೆ ಯಾವಾಗ?" ಎಂದರು ಅಕ್ಕ. ಅಂಗಡಿಯವರು ಎರಡೂ ಬದಿಯ ಸದ್ದನ್ನು ಒಂದೇ ಕಿವಿಗೆ ಕೂಡಿಸಿ ಕೇಳುವುದು ಹೇಗೆಂದು ಲ್ಯಾಪ್‌ಟಾಪಿನಲ್ಲಿ ತೋರಿಸಿಕೊಟ್ಟರು.

ಆಪರೇಷನ್ನಿಗೆ ಮುಂಚೆ ಒಂದು ಭಾನುವಾರ ಜಾಲ್ಸೂರಿಗೆ ಹೋಗಿದ್ದೆ. ನಡೆಯುವಾಗ ಅಕ್ಕ ಸ್ವಲ್ಪ ವಾಲುತ್ತಿದ್ದರು. ಒಳಗೆ ಕರೆದು ಕೂರಿಸಿ, ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಮೊದಲು ದಡಾರೆಂದು ಒಂದು ಪೆಟ್ಟು, ನಮ್ಮ ಬಟ್ಟೆ ಅಂಗಡಿಯ ಶಟರ್ ಎಳೆಯುವ ಸದ್ದು. ಅದರ ಮೇಲೆ ಕಬ್ಬಿಣದ ಸರಳಿನಲ್ಲಿ ಹ್ಯಾಂಗರ್ ಸರಿಸುವ ಕಿರಕಿರ ಸದ್ದು, ನಡುನಡುವೆ ಪರ‍್ರೆಂದು ಬಟ್ಟೆ ಹರಿಯುವುದು. ಕೆಲಸದಲ್ಲಿದ್ದಾಗಲೇ ಎಲ್ಲವನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರಂತೆ. ಇವುಗಳ ಅಡಿಯಲ್ಲಿ ಕೀಬೋರ್ಡಿನಲ್ಲಿ ಬಾರಿಸಿದ ಎರಡು ಮೂರು ಸ್ವರ, ಹೋಗಿ ಹೋಗಿ ತಿರುಗಿ ಬರುತ್ತಿದ್ದವು.

"ಹೇಗುಂಟು? ಲಾಯ್ಕುಂಟಾ?"

"ನಮ್ಮ ಅಂಗಡಿಯೇ ಅಲ್ವಾ ಅಕ್ಕ ಇದು!"

ಅವರು ನಕ್ಕದ್ದು ನೆನಪಿದೆ. ಎಡಗೆನ್ನೆ ಅಷ್ಟು ಅರಳಲಿಲ್ಲ. ಅದನ್ನು ನನ್ನ ಫೋನಿಗೆ ಕಳಿಸಿಕೊಟ್ಟರು.

ಆಪರೇಷನ್ ಆಯಿತು, ಎಚ್ಚರವಾಯಿತು, ಮಾತಾಡಿದರು ಎಂದು ಅಣ್ಣ ತಿಳಿಸಿದರು. ಆಮೇಲೆ ಜ್ವರ ಎಂದರು. ಸೋಂಕು ಮೆದುಳಿಗೆ ಏರಿದೆ ಎಂದರು... ಕೊನೆಯ ಫೋನ್ ಬಂದಾಗ ನಾನು ಕೌಂಟರಿನಲ್ಲಿದ್ದೆ. ಎದುರು ಒಬ್ಬ ಹೆಂಗಸು ಮಗುವಿನ ಫ್ರಾಕ್ ಹಿಡಿದು ನಿಂತಿದ್ದರು. ಬಿಲ್ ಮಾಡಿ, ಚೀಲಕ್ಕೆ ಹಾಕಿ, ಚಿಲ್ಲರೆ ಎಣಿಸಿ ಕೊಟ್ಟೆ. ಅವರ ಹಿಂದೆ ಇದ್ದವರದ್ದೂ ಮಾಡಿದೆ. ಜಾಲ್ಸೂರಿಗೆ ಹೋಗಿ ಅಂಗಳದಲ್ಲಿ ಎಲ್ಲರ ಜೊತೆ ನಿಂತೆ. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ವರ್ಷಗಳಾದವು, ಈಗಲೂ ಬಂದಿಲ್ಲ.

ಮೊನ್ನೆ ಮಗಳು ಪಾಠಕ್ಕೆ ಕೂತ ಮೇಲೆ ಅಕ್ಕನ ಅಮ್ಮನಿಗೆ ಫೋನ್ ಮಾಡಿದೆ. ಬಹಳ ಸಮಯವಾಗಿತ್ತು. ನನ್ನ ಗುರುತು ಹಿಡಿದು, ಮಕ್ಕಳೆಷ್ಟು ಎಂದು ಕೇಳಿ, ಮಳೆಯ ಸುದ್ದಿ ಹೇಳಿ, ಆಮೇಲೆ ತಾವಾಗಿಯೇ ಅಕ್ಕನ ಮಾತಿಗೆ ಬಂದರು.

"ಅವಳ ಆ ಸಣ್ಣ ಕೀಬೋರ್ಡು ಇಲ್ಲೇ ಉಂಟು ಮಗಾ. ಮೊನ್ನೆ ಮೊಮ್ಮಗ ವಯರ್ ಸಿಕ್ಕಿಸಿದ. ಲೈಟ್ ಬರ್ತದೆ, ಒತ್ತಿದ್ರೆ ಸ್ವರವೇ ಇಲ್ಲ. ಹಾಳಾಯ್ತಾ ಕಾಣ್ತದೆ."

"ಹಾಳಾಗಿಲ್ಲ ಅಮ್ಮ. ಅದರೊಳಗೆ ಸ್ವರ ಇರುದಿಲ್ಲ. ಲ್ಯಾಪ್‌ಟಾಪಿಗೆ ಹಾಕಿದ್ರೆ ಅದರಲ್ಲಿ ಬರುದು."

"ಹೌದಾ..." ಎಂದರು ಅವರು. "ಅವಳು ಕಿವಿಗೆ ಅದನ್ನು ಹಾಕಿ ದಿನಾ ಒತ್ತುತ್ತಾ ಕೂತಿರ್ತಿದ್ಳು. ನಮಗೆ ಟಕಟಕ ಬಿಟ್ರೆ ಎಂತದೂ ಕೇಳ್ಲಿಕ್ಕಿಲ್ಲ. ಒಳ್ಳೇದಾಗಿ ಬರ್ಲಿ ಅಮ್ಮ, ಆಮೇಲೆ ಕೇಳಿಸ್ತೇನೆ ಅಂತಿದ್ಳು. ನೀನು ಕೇಳಿದ್ದೀಯಾ?"

"ಕೇಳಿದ್ದೇನೆ."

"ಈಗ ಉಂಟಾ ನಿನ್ನ ಹತ್ರ?"

ಇರಲಿಲ್ಲ. ಆ ಫೋನ್ ನೀರಿಗೆ ಬಿದ್ದು ಹೋಗಿತ್ತು. ಅಕ್ಕನ ಲ್ಯಾಪ್‌ಟಾಪನ್ನು ಅಣ್ಣ ಯಾವಾಗಲೋ ಗುಜರಿಗೆ ಕೊಟ್ಟಿದ್ದರು. ಇಲ್ಲ ಅಮ್ಮ ಎಂದೆ.

"ಹೇಗಿತ್ತು ಅದು?"

ಬಾಯಲ್ಲಿ ಹೇಳಿ ತೋರಿಸೋಣವೆಂದು ನೋಡಿದೆ. ಶಟರಿನ ಪೆಟ್ಟು ನೆನಪಿದೆ, ಹ್ಯಾಂಗರಿನದ್ದೂ ನೆನಪಿದೆ. ಯಾವುದರ ಹಿಂದೆ ಯಾವುದು ಬರುತ್ತಿತ್ತು ಎಂಬುದು ಬರಲಿಲ್ಲ. ಅತ್ತ ಕಡೆ ಅವರು ಕಾಯುತ್ತಿದ್ದರು.

"ಲಾಯ್ಕಿತ್ತು ಅಮ್ಮ" ಎಂದೆ.