ಅಂಗೈಯಗಲದ ಕಂಪ್ಯೂಟರಿಗಾಗಿ ದಿಂಬಂ ಇಳಿದದ್ದು

ತಾಳವಾಡಿಯಿಂದ ಬೆಳಗಿನ ಬಸ್ಸು ಹೊರಟಾಗ ಮಂಜು ಕರಗಿರಲಿಲ್ಲ. ಕೊಯಮತ್ತೂರಿನಲ್ಲಿ ನನಗೆ ಬೇಕಿದ್ದದ್ದು ಒಂದೇ, ಅಂಗೈಯಗಲದ ಬೋರ್ಡ್ ಕಂಪ್ಯೂಟರ್. ಪಣಕಹಳ್ಳಿಯ ನಮ್ಮ ರಾಗಿ ಹೊಲಕ್ಕೆ ಆನೆ ಬರುತ್ತದೆ. ಅಟ್ಟಣೆ ಮೇಲೆ ಕಾವಲು ಮಲಗುವ ನನ್ನಣ್ಣನಿಗೆ ಕಿವಿ ಮಂದ. ಹೋದ ಸುಗ್ಗಿಯಲ್ಲಿ ಆನೆ ಅಟ್ಟಣೆಯ ಕಂಬಕ್ಕೆ ಮೈಯುಜ್ಜಿದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಕತ್ತಲಲ್ಲೂ ಕಾಣುವ ಕ್ಯಾಮೆರಾದಲ್ಲಿ ಆನೆ ಕಂಡೊಡನೆ ಫೋನಿಗೆ ಕರೆ ಹೋಗುವಂತೆ ನಾನು ಪ್ರೋಗ್ರಾಂ ಬರೆದಿಟ್ಟಿದ್ದೆ; ಅದನ್ನು ಹೊಲದಲ್ಲಿ ಓಡಿಸಲು ಈ ಪುಟ್ಟ ಕಂಪ್ಯೂಟರ್ ಬೇಕಿತ್ತು. ದಿಂಬಿನಡಿ ಫೋನು ಅದುರಿದರೆ ಸಾಕು, ಅಣ್ಣ ಮನೆಯಲ್ಲೇ ಮಲಗಬಹುದು.

ದಿಂಬಂ ಘಾಟಿಯ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಕೆಟ್ಟು ನಿಂತು ನಮ್ಮನ್ನೂ ನಿಲ್ಲಿಸಿತು. ಸತ್ಯಮಂಗಲದಲ್ಲಿ ಇಡ್ಲಿ ತಿಂದು ಬೇರೆ ಬಸ್ಸು ಹತ್ತಿದೆ. ಕೊಯಮತ್ತೂರಿನ ಬಿಸಿಲಿಗೆ ಸ್ವೆಟರು ಹೆಗಲಿಗೇರಿತು.

ಮೊದಲ ಅಂಗಡಿಯಲ್ಲಿ ಮಾಲಿಲ್ಲ. ಎರಡನೆಯದರಲ್ಲಿ ಬೋರ್ಡಿನ ಜೊತೆ ಆಟಿಕೆ ಕಾರು, ಅದರ ಚಕ್ರ, ಪುಸ್ತಕ ಎಲ್ಲವನ್ನೂ ಕೊಂಡರೆ ಮಾತ್ರ ಕೊಡುತ್ತಾರಂತೆ, ಮೂರು ಪಟ್ಟು ಬೆಲೆಗೆ. ಮೂರನೆಯದರಲ್ಲಿ ಡಬ್ಬಿಗಳು ಕಣ್ಣೆದುರೇ ಸಾಲಾಗಿದ್ದವು. ಅವೆಲ್ಲ ಕಂಪನಿಗಳಿಗೆ, ಮನೆಯಲ್ಲಿ ಆಟವಾಡುವವರಿಗಲ್ಲ ಎಂದು ಯಜಮಾನರು ತಮಿಳಿನಲ್ಲಿ ಹೇಳಿದರು. ನನಗೆ ಮೈ ಉರಿಯಿತು. ಆಟವಂತೆ! ಬಂದು ಒಂದು ರಾತ್ರಿ ಅಟ್ಟಣೆ ಮೇಲೆ ಮಲಗಿ ನೋಡಿ ಎಂದು ನನ್ನ ಅರೆಬರೆ ತಮಿಳಿನಲ್ಲೇ ಅಂದೆ. ಅವರು ಮುಂದಿನ ಗಿರಾಕಿಯ ಕಡೆ ತಿರುಗಿಕೊಂಡರು.

ಸಿಟ್ಟಿನಲ್ಲೇ ಹಳೇ ಸಾಮಾನಿನ ಬೀದಿಗೆ ನಡೆದೆ. ಅಲ್ಲಿ ಆಫೀಸಿನವರು ಎಸೆದ ಪುಟ್ಟ ಕಂಪ್ಯೂಟರುಗಳ ರಾಶಿಯೇ ಇತ್ತು, ಬ್ಯಾಂಕಿನ ಕೌಂಟರಿನಲ್ಲಿ ಪರದೆಯ ಹಿಂದೆ ಇರುತ್ತವಲ್ಲ, ಅಂಥವು. ಒಂದನ್ನು ತಿರುಗಿಸಿ ನೋಡಿದೆ: ಹನ್ನೆರಡು ವೋಲ್ಟ್. ನಮ್ಮ ಹೊಲದ ಸೋಲಾರ್ ಬೇಲಿಯ ಬ್ಯಾಟರಿಯೂ ಅಷ್ಟೇ, ಅದರಿಂದಲೇ ಓಡಿಸಬಹುದು. ಪರದೆಗೆ ಹಾಕಿಸಿ ಪರೀಕ್ಷಿಸಿದೆ, ಚೆನ್ನಾಗಿಯೇ ಓಡಿತು. ಹೊಸ ಬೋರ್ಡಿನ ಅರ್ಧ ಬೆಲೆಗೂ ಕಡಿಮೆಗೆ ಬಂತು. ಇಷ್ಟು ಗಟ್ಟಿಯಾದದ್ದನ್ನು ಗುಜರಿಗೆ ಹಾಕಿ ಹೊಸದನ್ನು ಬಚ್ಚಿಡುವ ಈ ಜನರಿಗೆ ಏನನ್ನಬೇಕು?

ಪೆಟ್ಟಿಗೆಯನ್ನು ಸ್ವೆಟರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಟ್ಟ ಹತ್ತಿದೆ. ಮಾರನೆಯ ದಿನ ಹೊಲದಲ್ಲಿ ಅದನ್ನು ಜೋಡಿಸುವಾಗ ಅಣ್ಣ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಇದು ಯಾರ್‍ಗ ಕೂಗ್ತದವ್ವ?"

ನಿನಗೇ ಎಂದೆ, ಜೋರಾಗಿ.

"ನಂಗೊಬ್ಬುನ್ಗ ಕೂಗುದ್ರ ಏನ್ ಬಂತು? ನಾ ಓಡ್ಸುದ್ರ ಅದು ಮಾದಮ್ಮಕ್ಕನ ಒಲಕ್ಕ ತಾನೆ ನುಗ್ಗದು. ಮೊದ್ಲು ಪಕ್ಕದ ಒಲಕ್ಕ ಕೂಗಿ, ಆಮೇಲ ಓಡ್ಸದು ಕಣವ್ವ."

ನಮ್ಮ ಕಾವಲಿನ ಕ್ರಮವೇ ಅದು. ಚಿಕ್ಕಂದಿನಿಂದ ಆ ಕೂಗು ಕೇಳಿ ಬೆಳೆದ ನನಗೇ ಮರೆತುಹೋಗಿತ್ತು. ಮೊದಲ ಕರೆ ಮಾದಮ್ಮಕ್ಕನಿಗೆ, ಎರಡನೆಯದು ಆಚೆ ಹೊಲದವರಿಗೆ, ಕೊನೆಯದು ಅಣ್ಣನಿಗೆ ಹೋಗುವಂತೆ ಬದಲಾಯಿಸಿದೆ. ಮೂರು ಫೋನುಗಳೂ ಸರಿಯಾಗಿ ಅದುರಿದವು.

ಸಂಜೆ ಅಣ್ಣ ಅಟ್ಟಣೆಯಿಂದ ಕಂಬಳಿ ಇಳಿಸಿ ಹೆಗಲ ಮೇಲೆ ಹಾಕಿಕೊಂಡು ಮನೆಯ ದಾರಿ ಹಿಡಿದ. ಆ ಮೂರನೆಯ ಅಂಗಡಿಯ ಯಜಮಾನರು ಆಟ ಅಂದದ್ದು ಇದನ್ನೇ.